ಟ್ರ್ಯಾಕ್ ಕಾರಿಗೆ ಸ್ಪ್ಲಿಟರ್, ವಿಂಗ್ ಕೂರಿಸುವುದು: ರಟ್ಟಿನ ಅಚ್ಚಿನಿಂದ ಅಕ್ಕಿ ಮೂಟೆಯ ಪರೀಕ್ಷೆವರೆಗೆ

ವಿಂಗ್ ಎಂದರೆ ಕಾರಿನ ಹಿಂಭಾಗದಲ್ಲಿ ಎತ್ತರಕ್ಕೆ ನಿಲ್ಲಿಸುವ ರೆಕ್ಕೆ, ಸ್ಪ್ಲಿಟರ್ ಎಂದರೆ ಮುಂದಿನ ಬಂಪರಿನ ಕೆಳಗೆ ಮಲಗಿಸುವ ಹಲಗೆ. ವೇಗದಲ್ಲಿ ಗಾಳಿಯ ಬಲದಿಂದ ಟೈರುಗಳನ್ನು ನೆಲಕ್ಕೆ ಒತ್ತುವುದು ಎರಡರ ಕೆಲಸ. ಸ್ವಂತ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ಟ್ರ್ಯಾಕ್ ಡೇ ದಿನ ಪ್ಯಾಡಕ್‌ನಲ್ಲಿ (ಕಾರು ನಿಲ್ಲಿಸುವ ಅಂಗಳದಲ್ಲಿ) ನಿಂತ ಕಾರಿನ ವಿಂಗ್ ಚೆನ್ನಾಗಿದೆಯೇ ಎಂದು ತಿಳಿಯಲು ಅದರ ಬ್ರ್ಯಾಂಡ್ ನೋಡಬೇಕಿಲ್ಲ. ಮಾಲೀಕರ ಅನುಮತಿ ಕೇಳಿ ವಿಂಗಿನ ಮೇಲೆ ಎರಡೂ ಕೈ ಊರಿ ಜೋರಾಗಿ ಒತ್ತಿ. ಕಾರಿನ ಹಿಂಭಾಗವೇ ಸ್ಪ್ರಿಂಗ್ ಮೇಲೆ ಕುಸಿದರೆ ಕೆಲಸ ಸರಿಯಾಗಿದೆ. ಡಿಕ್ಕಿಯ ಮುಚ್ಚಳ ಮಾತ್ರ ಒಳಕ್ಕೆ ಬಾಗಿದರೆ ಆ ವಿಂಗ್ ಅಲಂಕಾರದ್ದು, ಜೊತೆಗೆ ಅಪಾಯಕಾರಿ ಕೂಡ. ಗಾಳಿ ಒತ್ತುವ ಭಾರ ಪ್ಲಾಸ್ಟಿಕ್‌ಗೆ, ತೆಳು ತಗಡಿಗೆ ಹೋಗದೆ ಚಾಸಿಗೆ, ಅಲ್ಲಿಂದ ಸ್ಪ್ರಿಂಗಿಗೆ, ಕೊನೆಗೆ ಟೈರಿಗೆ ತಲುಪಬೇಕು. ಕೆಳಗೆ ಬರುವ ಪ್ರತಿ ಹಂತವೂ ಈ ದಾರಿಯನ್ನು ಗಟ್ಟಿ ಮಾಡುವುದಕ್ಕೇ ಇದೆ.

ಉದಾಹರಣೆಗೆ ನಾನು ತೆಗೆದುಕೊಂಡಿರುವುದು ಹಳೆಯ ಹೋಂಡಾ ಸಿಟಿ ವಿಟೆಕ್ ತರಹದ, ಸುಮಾರು ಒಂದು ಟನ್ ತೂಕದ, ಮುಂಚಕ್ರ ಚಾಲನೆಯ ಸೆಡಾನ್. ಓಡಿಸುವ ಜಾಗ ಶ್ರೀಪೆರಂಬದೂರಿನ ಬಳಿ ಇರುಂಗಾಟುಕೋಟೈನ 3.7 ಕಿಲೋಮೀಟರ್ ಮದ್ರಾಸ್ ಟ್ರ್ಯಾಕ್. ಪೋಲೊ, ಸ್ವಿಫ್ಟ್ ಇಟ್ಟುಕೊಂಡವರಿಗೂ ಸ್ಪ್ಲಿಟರ್ ಭಾಗ ಹಾಗೆಯೇ ಅನ್ವಯಿಸುತ್ತದೆ. ಹ್ಯಾಚ್‌ಬ್ಯಾಕಿನಲ್ಲಿ ವಿಂಗಿನ ಕಾಲುಗಳಿಗೆ ಮಾತ್ರ ಬೇರೆ ಉಪಾಯ ಹುಡುಕಬೇಕು.

ಮೊದಲು ಲೆಕ್ಕ

ಗಾಳಿಯ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಒಂದೂವರೆ ಮೀಟರ್ ಉದ್ದ, 25 ಸೆಂಟಿಮೀಟರ್ ಅಗಲದ ವಿಂಗ್‌ ಇದೆಯೆಂದುಕೊಳ್ಳಿ, ಅಂದರೆ 0.375 ಚದರ ಮೀಟರ್. ಅದರ ಲಿಫ್ಟ್ ಗುಣಾಂಕವನ್ನು (ವಿಂಗಿನ ಆಕಾರ, ಕೋನ ಎಷ್ಟು ಬಲ ಹುಟ್ಟಿಸುತ್ತದೆ ಎಂಬುದರ ಅಳತೆ) 1 ಎಂದು ಹಿಡಿದರೆ, ಗಂಟೆಗೆ 100 ಕಿಲೋಮೀಟರ್‌ನಲ್ಲಿ ಸಿಗುವ ಡೌನ್‌ಫೋರ್ಸ್, ಅಂದರೆ ಗಾಳಿ ಕಾರನ್ನು ಕೆಳಕ್ಕೆ ಒತ್ತುವ ಬಲ, ಸುಮಾರು 18 ಕಿಲೋ. 150ರಲ್ಲಿ 40 ಕಿಲೋ, 180ರಲ್ಲಿ 57 ಕಿಲೋ. ಊರೊಳಗಿನ ವೇಗದಲ್ಲಿ ವಿಂಗ್‌ ಏನೂ ಮಾಡುವುದಿಲ್ಲ ಎಂಬುದು ಇದರಿಂದಲೇ ತಿಳಿಯುತ್ತದೆ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ 2.1 ಕಿಲೋಮೀಟರಿನ ಬಿಗಿ ಟ್ರ್ಯಾಕ್. ಅಲ್ಲಿಗಿಂತ ಮದ್ರಾಸಿನಲ್ಲಿ, ಮದ್ರಾಸಿಗಿಂತ ದೆಹಲಿ ಬಳಿಯ ಗ್ರೇಟರ್ ನೋಯ್ಡಾದ 5.125 ಕಿಲೋಮೀಟರಿನ ಬುದ್ಧ್ ಸರ್ಕ್ಯೂಟಿನಲ್ಲಿ ಇದರ ಲಾಭ ಹೆಚ್ಚು. ನೀವು ಹೆಚ್ಚಾಗಿ ಕರಿಯಲ್ಲೇ ಓಡಿಸುವವರಾದರೆ ಈ ದುಡ್ಡನ್ನು ಟೈರ್‌ಗೂ ಬ್ರೇಕ್ ಪ್ಯಾಡ್‌ಗೂ ಹಾಕಿ. ಇದು ನನ್ನ ನೇರ ಸಲಹೆ.

ಇನ್ನೊಂದು ಲೆಕ್ಕವನ್ನು ಬಹಳ ಜನ ಮಾಡುವುದೇ ಇಲ್ಲ. ಈ ಸಿಟಿಯ ವೀಲ್‌ಬೇಸ್ 2.4 ಮೀಟರ್. ವಿಂಗ್‌ ಹಿಂದಿನ ಆಕ್ಸಲ್‌ಗಿಂತ 80 ಸೆಂಟಿಮೀಟರ್ ಹಿಂದೆ ಇದ್ದರೆ, ಅದರ ಮೇಲೆ ಬೀಳುವ 40 ಕಿಲೋ ಹಿಂದಿನ ಟೈರುಗಳಿಗೆ 53 ಕಿಲೋ ಆಗಿ ತಲುಪುತ್ತದೆ, ಮುಂದಿನ ಟೈರುಗಳಿಂದ 13 ಕಿಲೋ ಕಿತ್ತುಕೊಳ್ಳುತ್ತದೆ. ವಿಂಗಿನ ಡ್ರ್ಯಾಗ್, ಅಂದರೆ ಗಾಳಿಯ ಪ್ರತಿರೋಧ, ಮೇಲಿನಿಂದ ಹಿಂದಕ್ಕೆ ಎಳೆಯುವುದರಿಂದ ಮುಂಭಾಗ ಇನ್ನೂ ಸ್ವಲ್ಪ ಹಗುರಾಗುತ್ತದೆ. ತಿರುಗಿಸುವುದು, ಎಳೆಯುವುದು, ಬಹುಪಾಲು ಬ್ರೇಕ್ ಹಿಡಿಯುವುದು ಎಲ್ಲವನ್ನೂ ಮುಂದಿನ ಟೈರುಗಳೇ ಮಾಡುವ ಕಾರಿನಲ್ಲಿ ಇದು ಸಣ್ಣ ನಷ್ಟವಲ್ಲ. ಆದ್ದರಿಂದಲೇ ವಿಂಗ್ ಮತ್ತು ಸ್ಪ್ಲಿಟರ್ ಜೋಡಿಯಾಗಿ ಬರಬೇಕು. ಸ್ಪ್ಲಿಟರ್‌ನ ಬಲ ಮುಂದಿನ ಆಕ್ಸಲ್‌ಗಿಂತ 60 ಸೆಂಟಿಮೀಟರ್ ಮುಂದೆ 30 ಕಿಲೋದಷ್ಟು ಕೆಲಸ ಮಾಡಿದರೆ ಮುಂದಿನ ಟೈರಿಗೆ 37 ಕಿಲೋ ಸೇರುತ್ತದೆ, ಕಳೆದುಕೊಂಡದ್ದು ಮರಳಿ ಬಂದು ಮೇಲೆ ಒಂದಿಷ್ಟು ಉಳಿಯುತ್ತದೆ.

ಎರಡನ್ನೂ ಒಟ್ಟಿಗೆ ಮಾಡಲು ಆಗದಿದ್ದರೆ ಕ್ರಮ ಇದು: ಮೊದಲು ವಿಂಗ್‌, ಆಮೇಲೆ ಸ್ಪ್ಲಿಟರ್. ಬರೀ ವಿಂಗ್‌ ಇದ್ದ ಕಾರು ವೇಗದ ತಿರುವಿನಲ್ಲಿ ಮುಂದೆ ಜಾರುತ್ತದೆ, ಅಂದರೆ ಮುಂದಿನ ಟೈರುಗಳ ಹಿಡಿತ ತಪ್ಪಿ ಸಾಕಷ್ಟು ತಿರುಗುವುದಿಲ್ಲ. ಆಕ್ಸಿಲರೇಟರ್ ಸ್ವಲ್ಪ ಬಿಟ್ಟರೆ ಸರಿಹೋಗುತ್ತದೆ. ಬರೀ ಸ್ಪ್ಲಿಟರ್ ಇದ್ದ ಕಾರು ಅದೇ ತಿರುವಿನಲ್ಲಿ ಹಿಂಭಾಗ ಬಿಡುತ್ತದೆ, ಅಂದರೆ ಹಿಂದಿನ ಟೈರುಗಳ ಹಿಡಿತ ತಪ್ಪುತ್ತದೆ. 150ರ ವೇಗದಲ್ಲಿ ಹಿಂಭಾಗ ಬಿಟ್ಟ ಮುಂಚಕ್ರ ಕಾರನ್ನು ಹಿಡಿಯುವುದು ಅನುಭವಿಗಳಿಗೂ ಕಷ್ಟ. ಸ್ಪ್ಲಿಟರ್ ಒಂದನ್ನೇ ಹಾಕಿ ಟ್ರ್ಯಾಕ್‌ಗೆ ಇಳಿಯಬೇಡಿ.

ಕಾನೂನು, ಪ್ರಯಾಣ

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರ ಮೂಲ ವಿವರಗಳಿಗೆ ಹೊರತಾದ ಮಾರ್ಪಾಡನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಕಟ್ಟುನಿಟ್ಟಾಗಿ ಓದಿತು. ಕಾನೂನು ಬದಿಗಿರಲಿ, ಮುಂದಕ್ಕೆ ಚಾಚಿದ ಗಟ್ಟಿ ಹಲಗೆ ಪಾದಚಾರಿಯ ಮೊಣಕಾಲಿಗೆ ಏನು ಮಾಡಬಲ್ಲದು ಎಂದು ಯೋಚಿಸಿ. ಆದ್ದರಿಂದ ಕಾರನ್ನು ಫ್ಲ್ಯಾಟ್‌ಬೆಡ್ ಮೇಲೆ ಸಾಗಿಸಿ. ರಸ್ತೆಯಲ್ಲಿ ಓಡಿಸಿಕೊಂಡು ಹೋಗಲೇಬೇಕಾದರೆ ಎರಡನ್ನೂ ಬಿಚ್ಚಿ ಡಿಕ್ಕಿಯಲ್ಲೂ ಸೀಟಿನ ಮೇಲೂ ಇಟ್ಟುಕೊಂಡು ಹೋಗಿ, ಟ್ರ್ಯಾಕಿನಲ್ಲಿ ಜೋಡಿಸಿ. ಮೊದಲಿನಿಂದಲೇ ಬಿಚ್ಚಿ ಹಾಕುವಂತೆ ವಿನ್ಯಾಸ ಮಾಡುವುದು ಎಲ್ಲ ರೀತಿಯಿಂದಲೂ ಒಳ್ಳೆಯದು. ರೇಸಿಗೆ ಇಳಿಯುವವರು ತಮ್ಮ ಕ್ಲಾಸಿನ ಎಫ್‌ಎಂಎಸ್‌ಸಿಐ (ಭಾರತದ ಮೋಟಾರ್ ಕ್ರೀಡೆಗಳ ಒಕ್ಕೂಟ) ನಿಯಮಾವಳಿಯನ್ನು ಹಲಗೆ ಕೊಳ್ಳುವ ಮೊದಲೇ ಓದಲಿ. ಎಷ್ಟೋ ಕ್ಲಾಸುಗಳಲ್ಲಿ ಮೂಲ ಬಾಡಿಗೆ ಏನನ್ನೂ ಸೇರಿಸುವಂತಿಲ್ಲ.

ಕಾರನ್ನು ಮಟ್ಟಕ್ಕೆ ನಿಲ್ಲಿಸುವುದು

ಅಳತೆ ಶುರುವಾಗುವ ಮೊದಲು ಕಾರು ಟ್ರ್ಯಾಕಿನಲ್ಲಿ ಇರುವಂತೆಯೇ ಇರಬೇಕು. ಅದೇ ಟೈರ್, ಅದೇ ಗಾಳಿ, ನೆಲದಿಂದ ಅದೇ ಎತ್ತರ (ರೈಡ್ ಹೈಟ್), ಅರ್ಧ ಟ್ಯಾಂಕ್ ಪೆಟ್ರೋಲ್, ಡ್ರೈವರ್ ಸೀಟಿನಲ್ಲಿ ನಿಮ್ಮಷ್ಟೇ ತೂಕ. ಸಸ್ಪೆನ್ಷನ್ ಬದಲಾಯಿಸುವ ಯೋಚನೆ ಇದ್ದರೆ ಅದನ್ನು ಮೊದಲು ಮುಗಿಸಿ.

ಮನೆಯ ಕಾರ್ ಪಾರ್ಕಿಂಗ್ ನೆಲವನ್ನು ನಂಬಬೇಡಿ, ನೀರು ಹರಿಯಲೆಂದು ಅದನ್ನು ಇಳಿಜಾರಾಗಿಯೇ ಕಟ್ಟಿರುತ್ತಾರೆ. ಗಾರೆ ಕೆಲಸದವರು ಬಳಸುವ ನೀರು ತುಂಬಿದ ಪಾರದರ್ಶಕ ಪೈಪು ಇದಕ್ಕೆ ಅತ್ಯುತ್ತಮ ಸಾಧನ. ಪೈಪಿನ ಎರಡು ತುದಿಯನ್ನು ಎರಡು ಚಕ್ರಗಳ ಬಳಿ ಹಿಡಿದು ನೀರಿನ ಮಟ್ಟ ಗುರುತು ಮಾಡಿಕೊಂಡರೆ ನೆಲದ ಏರುಪೇರು ಮಿಲಿಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ತಗ್ಗಿರುವ ಚಕ್ರದ ಕೆಳಗೆ ಪ್ಲೈವುಡ್ ತುಂಡು, ವಿನೈಲ್ ಟೈಲ್ ಇಟ್ಟು ನಾಲ್ಕೂ ಚಕ್ರಗಳನ್ನು ಒಂದೇ ಮಟ್ಟಕ್ಕೆ ತನ್ನಿ. ಆಮೇಲೆ ಮುಂದಿನ ಬಂಪರಿನ ಮಧ್ಯದಿಂದಲೂ ಹಿಂದಿನ ಬಂಪರಿನ ಮಧ್ಯದಿಂದಲೂ ತೂಗುಗುಂಡು ಇಳಿಬಿಟ್ಟು, ನೆಲದ ಮೇಲೆ ಸೀಮೆಸುಣ್ಣದಿಂದ ನಡುಗೆರೆ ಎಳೆಯಿರಿ. ಮುಂದಿನ ಎಲ್ಲ ಅಳತೆಗೂ ಈ ಗೆರೆಯೇ ಆಧಾರ.

ಸ್ಪ್ಲಿಟರ್‌: ಸಾಮಾನು

ಮೊದಲ ಸ್ಪ್ಲಿಟರ್‌ಗೆ ಕಾರ್ಬನ್ ಫೈಬರ್ ಬೇಡ. 12 ಮಿಲಿಮೀಟರ್ ದಪ್ಪದ ಬರ್ಚ್ ಪ್ಲೈ ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ಐಎಸ್ 710 ಮುದ್ರೆ ಇರುವ ಮರೈನ್ ಪ್ಲೈ ಸಾಕು. ಎಂಟಡಿ ನಾಲ್ಕಡಿ ಹಾಳೆಯಲ್ಲಿ 60 ಸೆಂಟಿಮೀಟರ್ ಆಳದ ಎರಡು ಸ್ಪ್ಲಿಟರ್ ಕತ್ತರಿಸಬಹುದು. ಎರಡನ್ನೂ ಒಟ್ಟಿಗೇ ಕತ್ತರಿಸಿ, ಒಂದು ಸ್ಪೇರ್ ಇರಲಿ, ಯಾಕೆಂದರೆ ಸ್ಪ್ಲಿಟರ್ ಸವೆದು ಹೋಗುವ ಸಾಮಾನು. ಸೈನ್‌ಬೋರ್ಡ್‌ಗೆ ಬಳಸುವ 3-4 ಮಿಲಿಮೀಟರಿನ ಎಸಿಪಿ ಹಾಳೆ (ಎರಡು ತೆಳು ಅಲ್ಯೂಮಿನಿಯಂ ಪದರಗಳ ನಡುವೆ ಪ್ಲಾಸ್ಟಿಕ್) ಹಗುರ, ಅಗ್ಗ, ಕತ್ತರಿಸಲು ಸುಲಭ. ಬಂಪರಿಗೂ ಸ್ಪ್ಲಿಟರ್‌ಗೂ ನಡುವಿನ ಸಂದು ಮುಚ್ಚುವ ಏರ್ ಡ್ಯಾಮ್‌ಗೆ ಬಹಳ ಚೆನ್ನಾಗಿ ಒದಗುತ್ತದೆ. ಆದರೆ ಸ್ಪ್ಲಿಟರ್‌ಗೆ ಬೇಡ, ಗಾಳಿಯ ಭಾರಕ್ಕೆ ಬಾಗುತ್ತದೆ.

ಅಲ್ಯೂಮಿನಿಯಂ ಎಲ್-ಆಂಗಲ್, 6 ಮಿಲಿಮೀಟರ್ ಪ್ಲೇಟ್, 8.8 ಗ್ರೇಡಿನ ಎಂ8 ಬೋಲ್ಟು, ನೈಲಾಕ್ ನಟ್ಟು, ಅಗಲ ವಾಷರ್, ರಿವ್‌ನಟ್, ನೈಲಾನ್ ಪಟ್ಟಿ, ಎಪಾಕ್ಸಿ ರೆಸಿನ್, ಅತ್ತಿತ್ತ ತಿರುಗಿಸಿ ಉದ್ದ ಹೊಂದಿಸಬಹುದಾದ ಸಪೋರ್ಟ್ ರಾಡುಗಳು. ಬೆಂಗಳೂರಿನವರಿಗೆ ಇದರಲ್ಲಿ ಹೆಚ್ಚಿನದೆಲ್ಲ ಎಸ್‌ಜೆಪಿ ರಸ್ತೆಯಲ್ಲೇ ಸಿಗುತ್ತದೆ. ಬೋಲ್ಟಿನ ತಲೆಯ ಮೇಲೆ ಗ್ರೇಡ್ ಮುದ್ರೆ ಇದೆಯೇ ನೋಡಿ ಕೊಳ್ಳಿ. ಮುದ್ರೆ ಇಲ್ಲದ ಬೋಲ್ಟು ಎಷ್ಟೇ ಹೊಳೆದರೂ ಬೇಡ.

ಸ್ಪ್ಲಿಟರ್‌: ಅಚ್ಚು ಮತ್ತು ಕತ್ತರಿಕೆ

ಮೊದಲು ಮುಂದಿನ ಬಂಪರ್ ಬಿಚ್ಚಿ ಒಳಗೆ ಗಟ್ಟಿ ಜಾಗ ಎಲ್ಲೆಲ್ಲಿದೆ ಎಂದು ನೋಡಿ ಫೋಟೋ ತೆಗೆದುಕೊಳ್ಳಿ. ಬಂಪರಿನ ಹಿಂದಿರುವ ಉಕ್ಕಿನ ಬೀಮ್, ಟೋ ಹುಕ್ ಕೂರುವ ಜಾಗ, ರೇಡಿಯೇಟರ್ ಕೆಳಗಿನ ಅಡ್ಡ ಉಕ್ಕು (ಕ್ರಾಸ್ ಮೆಂಬರ್), ಸಸ್ಪೆನ್ಷನ್ ಹಿಡಿದಿರುವ ಕೆಳಗಿನ ಚೌಕಟ್ಟಾದ ಸಬ್‌ಫ್ರೇಮಿನ ಬೋಲ್ಟುಗಳು: ಸ್ಪ್ಲಿಟರ್ ತೂಗಬೇಕಾದದ್ದು ಇವುಗಳಿಂದ. ಬಂಪರ್ ಪ್ಲಾಸ್ಟಿಕ್‌ನಿಂದ ಅಲ್ಲ, ರೇಡಿಯೇಟರ್‌ನಿಂದಂತೂ ಅಲ್ಲವೇ ಅಲ್ಲ.

ಬಂಪರ್ ಮತ್ತೆ ಹಾಕಿ, ಕೆಳಗೆ ನೆಲದ ಮೇಲೆ ದಪ್ಪ ರಟ್ಟು ಹರಡಿ. ಫ್ರಿಜ್ ಬಂದ ಪೆಟ್ಟಿಗೆ ಸಿಕ್ಕರೆ ಒಂದೇ ತುಂಡಿನಲ್ಲಿ ಕೆಲಸ ಆಗುತ್ತದೆ. ಬಂಪರಿನ ಅಂಚಿನ ಉದ್ದಕ್ಕೂ ಹತ್ತು ಸೆಂಟಿಮೀಟರಿಗೊಮ್ಮೆ ತೂಗುಗುಂಡು ಇಳಿಬಿಟ್ಟು ಚುಕ್ಕೆ ಇಡಿ. ಚುಕ್ಕೆ ಸೇರಿಸಿದರೆ ಬಂಪರಿನ ರೇಖೆ ಸಿಗುತ್ತದೆ. ಅದರಿಂದ 5ರಿಂದ 7 ಸೆಂಟಿಮೀಟರ್ ಮುಂದಕ್ಕೆ ಇನ್ನೊಂದು ರೇಖೆ ಎಳೆಯಿರಿ. ಅದೇ ಸ್ಪ್ಲಿಟರ್‌ನ ಅಂಚು.

ಇಷ್ಟೇ ಸಾಕೇ ಎನ್ನಿಸಬಹುದು. ಮುಂದೆ ಕಾಣುವ ನಾಲಿಗೆ ಉದ್ದವಿದ್ದಷ್ಟೂ ಒಳ್ಳೆಯದು ಎಂಬ ನಂಬಿಕೆ ಎಲ್ಲೆಡೆ ಇದೆ, ಲೆಕ್ಕ ಅದನ್ನು ಒಪ್ಪುವುದಿಲ್ಲ. 150ರ ವೇಗದಲ್ಲಿ ಬಂಪರಿಗೆ ಬಡಿದು ನಿಂತುಬಿಟ್ಟ ಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 106 ಕಿಲೋ. 7 ಸೆಂಟಿಮೀಟರ್ ಚಾಚು, ಒಂದೂವರೆ ಮೀಟರ್ ಅಗಲ ಎಂದರೆ ಆ ನಾಲಿಗೆಯ ಮೇಲೆ ಹೆಚ್ಚೆಂದರೆ 11 ಕಿಲೋ. ಉಳಿದದ್ದೆಲ್ಲ ಬರುವುದು ಹಲಗೆಯ ಕೆಳಗೆ ವೇಗವಾಗಿ ಹರಿಯುವ ಗಾಳಿ ಹುಟ್ಟಿಸುವ ಕಡಿಮೆ ಒತ್ತಡದಿಂದ. ಅದಕ್ಕೆ ಬೇಕಾದದ್ದು ಕಾರಿನ ಅಡಿಯಲ್ಲಿ ನಯವಾದ, ಅಗಲವಾದ ತಳ. ಆದ್ದರಿಂದ ಹಲಗೆ ಹಿಂದಕ್ಕೆ ಮುಂಚಕ್ರಗಳ ನಡುವಿನವರೆಗೆ ಹೋಗಲಿ.

ಚಕ್ರದ ಜಾಗ ಕತ್ತರಿಸುವಾಗ ಕಾರು ನಿಂತ ಸ್ಥಿತಿಯ ಅಳತೆ ಸಾಲದು. ಕಾರನ್ನು ಗಟ್ಟಿಮುಟ್ಟಾದ ಆಕ್ಸಲ್ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಒಂದು ಬದಿಯ ಸ್ಪ್ರಿಂಗ್ ಬಿಚ್ಚಿ, ಲೋಯರ್ ಆರ್ಮ್ ಅನ್ನು ಜಾಕ್‌ನಿಂದ ಪೂರ್ತಿ ಮೇಲೆ ಎತ್ತಿ, ಸ್ಟಿಯರಿಂಗ್ ಎರಡೂ ಕಡೆ ಕೊನೆವರೆಗೆ ತಿರುಗಿಸಿ. ಟೈರ್ ಎಲ್ಲಿಯೂ ರಟ್ಟಿಗೆ 25 ಮಿಲಿಮೀಟರ್‌ಗಿಂತ ಹತ್ತಿರ ಬರಬಾರದು. ಸ್ಪ್ರಿಂಗ್ ಬಿಚ್ಚುವುದು ಅಭ್ಯಾಸ ಇಲ್ಲದಿದ್ದರೆ ಮೆಕ್ಯಾನಿಕ್ ಕೈಯಲ್ಲಿ ಮಾಡಿಸಿ, ಒತ್ತಿ ಹಿಡಿದ ಸ್ಪ್ರಿಂಗ್ ಚಿಮ್ಮಿದರೆ ಪ್ರಾಣಕ್ಕೇ ಸಂಚಕಾರ. ಆಯಿಲ್ ಡ್ರೈನ್ ಬೋಲ್ಟು, ಜಾಕ್ ಹಾಕುವ ಜಾಗಗಳಿಗೆ ಕಿಂಡಿ ಬಿಡಿ. ರೇಡಿಯೇಟರ್ ದಾಟಿದ ಬಿಸಿಗಾಳಿ ಕೆಳಗೆ ಇಳಿಯಲು ಹಲಗೆಯ ಹಿಂದಿನ ಅಂಚಿನ ಆಚೆ ಜಾಗ ಇದೆಯೇ ಎಂದು ಈಗಲೇ ನೋಡಿಕೊಳ್ಳಿ. ಅದು ಮುಚ್ಚಿಹೋದರೆ ಚೆನ್ನೈ ಬಿಸಿಲಿನಲ್ಲಿ ಎರಡನೇ ಲ್ಯಾಪಿಗೇ ಟೆಂಪರೇಚರ್ ಮುಳ್ಳು ಏರತೊಡಗುತ್ತದೆ.

ಅಚ್ಚು ಸರಿಹೋದ ಮೇಲೆ ಪ್ಲೈ ಕತ್ತರಿಸಿ. ಮುಂದಿನ ಅಂಚಿನ ಕೆಳಭಾಗವನ್ನು ರೌಟರ್ ಅಥವಾ ಉಪ್ಪುಕಾಗದದಿಂದ ಗುಂಡಗೆ ಮಾಡಿ, 6 ಮಿಲಿಮೀಟರ್ ತ್ರಿಜ್ಯ ಸಾಕು. ಚೂಪು ಅಂಚಿದ್ದರೆ ಕೆಳಗೆ ಹೋಗುವ ಗಾಳಿ ಹಲಗೆಯಿಂದ ಬಿಟ್ಟುಕೊಳ್ಳುತ್ತದೆ, ಆಗ ಅಷ್ಟು ಶ್ರಮದ ಕಡಿಮೆ ಒತ್ತಡ ಸಿಗುವುದೇ ಇಲ್ಲ. ಎರಡೂ ಬದಿಗೆ, ಮುಖ್ಯವಾಗಿ ಪದರ ಕಾಣುವ ಅಂಚುಗಳಿಗೆ ಮತ್ತು ಕೊರೆದ ತೂತುಗಳ ಒಳಗೆ, ಎರಡು ಕೋಟ್ ಎಪಾಕ್ಸಿ ಹಚ್ಚಿ. ತೂತಿನ ಮೂಲಕ ನೀರು ಕುಡಿದ ಪ್ಲೈ ಒಂದೇ ಮಳೆಗಾಲಕ್ಕೆ ಉಬ್ಬುತ್ತದೆ. ನೆಲ ಮೊದಲು ತಾಗುವ ಜಾಗಗಳಲ್ಲಿ, ಅಂದರೆ ಎರಡು ಮೂಲೆ ಮತ್ತು ಮಧ್ಯದಲ್ಲಿ, ನೈಲಾನ್ ಪಟ್ಟಿ ಸ್ಕ್ರೂ ಮಾಡಿ.

ಸ್ಪ್ಲಿಟರ್‌: ತೂಗುಹಾಕುವುದು

ಹಿಂದಿನ ಅಂಚಿಗೆ ಎರಡು ಬ್ರ್ಯಾಕೆಟ್, ಸಬ್‌ಫ್ರೇಮ್ ಬೋಲ್ಟುಗಳಿಂದ. ಮಧ್ಯಕ್ಕೆ ಎರಡು, ರೇಡಿಯೇಟರ್ ಕೆಳಗಿನ ಕ್ರಾಸ್ ಮೆಂಬರಿನಿಂದ. ಮುಂದೆ ಎರಡು ಸಪೋರ್ಟ್ ರಾಡು, ಬಂಪರಿನಲ್ಲಿ ತೂತು ಮಾಡಿ ಒಳಗಿನ ಉಕ್ಕಿನ ಬೀಮ್‌ಗೆ ತಲುಪುವಂತೆ. ರಾಡಿನ ಬದಲು ವೈರ್ ರೋಪ್ ಹಾಕುವವರಿದ್ದಾರೆ. ಗಾಳಿ ಕೆಳಕ್ಕೆ ಎಳೆಯುವಾಗ ಅದು ಹಿಡಿದುಕೊಳ್ಳುತ್ತದೆ ನಿಜ, ಆದರೆ ಟ್ರ್ಯಾಕಿನ ಅಂಚಿನ ಉಬ್ಬು ಪಟ್ಟಿ, ಅಂದರೆ ಕರ್ಬ್, ಕೆಳಗಿನಿಂದ ಗುದ್ದಿದಾಗ ಅದಕ್ಕೆ ತಡೆಯುವ ಶಕ್ತಿ ಇಲ್ಲ. ಹಲಗೆ ಮೇಲೆ ಹಾರಿ ಬಂಪರ್ ಒಡೆಯುತ್ತದೆ. ರಾಡು ಎರಡೂ ದಿಕ್ಕಿಗೆ ನಿಲ್ಲುತ್ತದೆ. ಹಲಗೆಯ ಮೇಲೆ ಪ್ರತಿ ಬೋಲ್ಟಿಗೂ ಅಂಗೈಯಗಲದ ಅಲ್ಯೂಮಿನಿಯಂ ಪ್ಲೇಟ್ ಕೊಡಿ, ಬರೀ ವಾಷರ್ ಪ್ಲೈಯನ್ನು ಸೀಳಿಕೊಂಡು ಹೊರಬರುತ್ತದೆ.

ಎತ್ತರ ಎಷ್ಟು? ಶುರುವಿಗೆ ನೆಲದಿಂದ 9-10 ಸೆಂಟಿಮೀಟರ್ ಇಡಿ. ಬ್ರೇಕ್ ಒತ್ತಿದಾಗ ಮುಂಭಾಗ ಇಳಿಯುತ್ತದೆ, ಅದಕ್ಕೆ ಉಸಿರಾಡುವ ಜಾಗ ಬೇಕು. ಇಳಿಜಾರು ಇನ್ನೂ ಮುಖ್ಯ. ಹಲಗೆಯ ಮುಂದಿನ ಅಂಚು ಹಿಂದಿನ ಅಂಚಿಗಿಂತ ಕೆಳಗಿರಬೇಕು, ಅರ್ಧ ಡಿಗ್ರಿ ಸಾಕು. 60 ಸೆಂಟಿಮೀಟರಿಗೆ 5 ಮಿಲಿಮೀಟರ್ ಎಂದು ಲೆಕ್ಕ ಹಿಡಿಯಿರಿ. ಇದು ತಿರುವುಮುರುವಾಗಿ ಮೂಗು ಮೇಲೆದ್ದರೆ ಗಾಳಿ ಕೆಳಗೆ ಕೂಡಿಕೊಂಡು ಕಾರಿನ ಮುಂಭಾಗವನ್ನು ಎತ್ತುತ್ತದೆ. ರಸಮಟ್ಟ ಇಟ್ಟು ಎರಡು ಬದಿಯಲ್ಲೂ ನೋಡಿ.

ಇನ್ನು ಏರ್ ಡ್ಯಾಮ್. ಬಂಪರಿನ ಕೆಳ ಅಂಚಿಗೂ ಹಲಗೆಗೂ ನಡುವೆ ಉಳಿದ ಸಂದನ್ನು ಎಸಿಪಿ ಪಟ್ಟಿಯಿಂದ ಮುಚ್ಚಿ, ಬಂಪರ್ ಜೊತೆ ಅಲುಗಾಡುವ ಕಡೆ ರಬ್ಬರ್ ಬೀಡಿಂಗ್ ಹಾಕಿ. ಈ ಸಂದು ತೆರೆದಿದ್ದರೆ ಮೇಲಿನ ಒತ್ತಡವೆಲ್ಲ ಹಲಗೆಯ ಕೆಳಗೆ ಸೋರಿಹೋಗುತ್ತದೆ.

ಪರೀಕ್ಷೆ ಸರಳ. ಕಾರು ತನ್ನ ಚಕ್ರಗಳ ಮೇಲೇ ನಿಂತಿರಲಿ, ಜಾಕ್ ಮೇಲೆ ಖಂಡಿತ ಬೇಡ. ಸುಮಾರು 70 ಕಿಲೋ ತೂಕದವರೊಬ್ಬರು ಸ್ಪ್ಲಿಟರ್‌ನ ಅಂಚಿನ ಮೇಲೆ ಮಧ್ಯದಲ್ಲಿ, ಆಮೇಲೆ ಎರಡು ಮೂಲೆಗಳಲ್ಲಿ ನಿಧಾನಕ್ಕೆ ನಿಲ್ಲಲಿ. ಬಂಪರಿಗೆ ಹೋಲಿಸಿ ಹಲಗೆ 5 ಮಿಲಿಮೀಟರ್‌ಗಿಂತ ಹೆಚ್ಚು ಬಾಗಬಾರದು, ಎಲ್ಲಿಯೂ ಕಿರಗುಟ್ಟಬಾರದು.

ವಿಂಗ್‌: ಆಯ್ಕೆ

ಆಕ್ಸೆಸರಿ ಅಂಗಡಿಗಳಲ್ಲಿ ಸಿಗುವ ಎಷ್ಟೋ ವಿಂಗುಗಳು ನೋಟಕ್ಕೆ ಮಾಡಿದವು. ಕೊಳ್ಳುವ ಮೊದಲು ಎರಡು ತುದಿ ಹಿಡಿದು ಟವೆಲ್ ಹಿಂಡುವ ಹಾಗೆ ತಿರುಚಿ ನೋಡಿ. ತಿರುಚಿಕೊಂಡರೆ ಬಿಟ್ಟುಬಿಡಿ. ಪಕ್ಕದಿಂದ ನೋಡಿದಾಗ ವಿಮಾನದ ರೆಕ್ಕೆಯ ಆಕಾರ ತಲೆಕೆಳಗಾಗಿ ಕಾಣಬೇಕು: ಹೆಚ್ಚು ಉಬ್ಬಿರುವ ಮೈ ಕೆಳಗೆ, ಚಪ್ಪಟೆ ಅಥವಾ ತಗ್ಗಿನ ಮೈ ಮೇಲೆ, ದಪ್ಪ ಅಂಚು ಮುಂದೆ, ತೆಳು ಅಂಚು ಹಿಂದೆ. ಇದನ್ನು ತಿರುವಿ ಹಾಕಿದ ಕಾರುಗಳೂ ಓಡಾಡುತ್ತವೆ, ಅವುಗಳ ವಿಂಗ್‌ ಕಾರನ್ನು ಎತ್ತುವ ಕೆಲಸ ಮಾಡುತ್ತದೆ. 20ರಿಂದ 25 ಸೆಂಟಿಮೀಟರ್ ಅಗಲದ ಅಲ್ಯೂಮಿನಿಯಂ ಎಕ್ಸ್‌ಟ್ರೂಷನ್ ವಿಂಗ್‌ ಈ ಕಾರಿಗೆ ಸರಿಯಾದ ಆಯ್ಕೆ. ಕರ್ಬ್‌ಗೆ, ಮಳೆಗೆ, ಹೊಸಬರ ಕೈಗೆ ಅದು ತಡೆಯುತ್ತದೆ.

ವಿಂಗ್‌: ಜಾಗ ಹುಡುಕುವುದು

ಗಾಳಿ ಸೆಡಾನಿನ ಛಾವಣಿ ದಾಟಿ ಹಿಂದಿನ ಗಾಜಿನ ಮೇಲೆ ಕೆಳಮುಖವಾಗಿ ಹರಿಯುತ್ತದೆ, ಕೆಲವೆಡೆ ಗಾಜಿನಿಂದ ಬಿಟ್ಟುಕೊಂಡು ಕಲಕಿಹೋಗುತ್ತದೆ. ವಿಂಗ್‌ ಆ ಕಲಕು ಗಾಳಿಯಲ್ಲಿ ಇದ್ದರೆ ಅರ್ಧ ಕೆಲಸವೂ ಆಗದು. ಛಾವಣಿಯ ಮಟ್ಟಕ್ಕೆ ಅಥವಾ ಸ್ವಲ್ಪ ಮೇಲೆ, ವಿಂಗಿನ ಹಿಂದಂಚು ಹಿಂದಿನ ಬಂಪರಿನ ಅಂಚಿನ ನೇರಕ್ಕೆ ಬರುವಂತೆ ಇಡುವುದು ಒಳ್ಳೆಯ ಆರಂಭ.

ಊಹೆಗಿಂತ ಕಣ್ಣು ನಂಬಬಹುದು. ಹತ್ತು ಸೆಂಟಿಮೀಟರ್ ಉದ್ದದ ಉಣ್ಣೆಯ ಎಳೆಗಳನ್ನು ಹಿಂದಿನ ಗಾಜು, ಡಿಕ್ಕಿಯ ಮೇಲೆಲ್ಲ ಟೇಪಿನಿಂದ ಅಂಟಿಸಿ. ವಿಂಗ್‌ ಹಾಕಿದ ಮೇಲೆ ಅದರ ಕೆಳಮೈಗೂ ಅಂಟಿಸಿ. ಟ್ರ್ಯಾಕಿನಲ್ಲಿ ಹಿಂದೆ ಬರುವ ಕಾರಿನಿಂದ, ಅಥವಾ ನಿಮ್ಮದೇ ಕಾರಿಗೆ ಭದ್ರವಾಗಿ ಹಾಕಿದ ಆಕ್ಷನ್ ಕ್ಯಾಮೆರಾದಿಂದ ವಿಡಿಯೊ ಮಾಡಿ. ಎಳೆ ನೇರವಾಗಿ ಹಿಂದಕ್ಕೆ ಮಲಗಿದರೆ ಗಾಳಿ ಅಂಟಿಕೊಂಡಿದೆ. ಗಿರಗಿರನೆ ಸುತ್ತಿದರೆ, ಮುಂದಕ್ಕೆ ಮಡಚಿದರೆ, ಅಲ್ಲಿ ಗಾಳಿ ಬಿಟ್ಟುಕೊಂಡಿದೆ.

ವಿಂಗ್‌: ಕಾಲುಗಳು

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದ ಭಾಗ ಇದು. 1966ರಲ್ಲಿ ಅಮೆರಿಕದ ರೇಸರ್ ಜಿಮ್ ಹಾಲ್ ತನ್ನ ಚಾಪರಲ್ 2ಇ ಕಾರಿನಲ್ಲಿ ಎತ್ತರದ ವಿಂಗ್‌ ಅನ್ನು ನೇರವಾಗಿ ಹಿಂದಿನ ಚಕ್ರದ ಅಪ್‌ರೈಟ್‌ಗಳ (ಚಕ್ರದ ಹಬ್ ಹಿಡಿದಿರುವ ಭಾಗಗಳ) ಮೇಲೆ ನಿಲ್ಲಿಸಿದ್ದ, ಭಾರ ಸ್ಪ್ರಿಂಗಿಗೂ ಹೋಗದೆ ಟೈರಿಗೇ ತಲುಪಲೆಂದು. ಅದನ್ನು ನೋಡಿ ಫಾರ್ಮುಲಾ ಒನ್ ತಂಡಗಳೂ ತೆಳು ಕಾಲುಗಳ ಮೇಲೆ ಎತ್ತರದ ವಿಂಗುಗಳನ್ನು ಏರಿಸಿದವು. 1969ರ ಸ್ಪೇನ್ ಗ್ರ್ಯಾನ್ ಪ್ರೀಯಲ್ಲಿ, ಬಾರ್ಸಿಲೋನಾದ ಮೊಂಜುಯಿಕ್ ರಸ್ತೆಗಳಲ್ಲಿ, ಗ್ರಹಾಂ ಹಿಲ್ ಮತ್ತು ಯೋಕನ್ ರಿಂಟ್ ಇಬ್ಬರ ಲೋಟಸ್ ಕಾರುಗಳ ವಿಂಗುಗಳೂ ಒಂದಾದ ಮೇಲೊಂದು ಮುರಿದು ಬಿದ್ದವು. ರಿಂಟ್ ಗಾಯಗೊಂಡರು. ಮುಂದಿನ ರೇಸ್ ಮೊನಾಕೊದಲ್ಲೇ ಎತ್ತರದ ವಿಂಗುಗಳಿಗೆ ನಿಷೇಧ ಬಂತು. ವಿಂಗ್‌ ಕೈಕೊಡುವುದು ನಿಧಾನದ ತಿರುವಿನಲ್ಲಿ ಅಲ್ಲ, ನೀವು ಅದನ್ನೇ ನಂಬಿ ಅತಿ ವೇಗದಲ್ಲಿ ತಿರುಗುತ್ತಿರುವ ಗಳಿಗೆಯಲ್ಲಿ.

ಡಿಕ್ಕಿ ಮುಚ್ಚಳದ ತಗಡು ಮಿಲಿಮೀಟರಿಗಿಂತಲೂ ತೆಳು. ಅದಕ್ಕೆ ನಾಲ್ಕು ಬೋಲ್ಟು ಹಾಕಿ ಕೂರಿಸಿದ ವಿಂಗ್‌ ಕೆಲವೇ ದಿನಗಳಲ್ಲಿ ತೂತುಗಳ ಸುತ್ತ ಬಿರುಕು ಬಿಡುತ್ತದೆ. ಭಾರ ಹೋಗುವುದೂ ಮುಚ್ಚಳದ ಹಿಂಜಿಗೆ, ಲಾಕಿಗೆ. ಆದ್ದರಿಂದ ನಾನು ಹೇಳುವುದು ಒಂದೇ ವಿಧಾನ: ಹಿಂದಿನ ಬಂಪರ್ ಬಿಚ್ಚಿ, ಉಕ್ಕಿನ ಬೀಮ್ ಚಾಸಿಗೆ ಸೇರುವ ಎರಡು ಜಾಗಗಳಿಂದ 6 ಮಿಲಿಮೀಟರ್ ಅಲ್ಯೂಮಿನಿಯಂ ಪ್ಲೇಟಿನ ಕಾಲುಗಳನ್ನು ಮೇಲಕ್ಕೆ ತನ್ನಿ. ಬಂಪರಿಗೂ ಡಿಕ್ಕಿಗೂ ನಡುವಿನ ಸಂದಿನಲ್ಲಿ ಅವು ಹೊರಬರಲಿ, ಬೇಕಾದಲ್ಲಿ ಬಂಪರ್ ಕತ್ತರಿಸಿ. ಡಿಕ್ಕಿ ಎಂದಿನಂತೆ ತೆರೆಯುತ್ತದೆ, ಭಾರ ನೇರ ಚಾಸಿಗೆ ಇಳಿಯುತ್ತದೆ. ಹ್ಯಾಚ್‌ಬ್ಯಾಕಿನಲ್ಲಿ ಕಾಲುಗಳು ಹಿಂಬಾಗಿಲನ್ನು ಬಳಸಿ ಮೇಲೇರಬೇಕಾದ್ದರಿಂದ ಅವು ಉದ್ದವಾಗುತ್ತವೆ, ಆಗ ಇನ್ನೂ ದಪ್ಪ ಪ್ಲೇಟ್ ಬೇಕು.

ಹಂತಹಂತವಾಗಿ ಹೀಗೆ ಮಾಡಿ. ಮೊದಲು ಕಾಲುಗಳನ್ನು 12 ಮಿಲಿಮೀಟರ್ ಪ್ಲೈಯಲ್ಲಿ ಕತ್ತರಿಸಿ ಜೋಡಿಸಿ, ವಿಂಗ್‌ ಕೂರಿಸಿ ನೋಡಿ. ಎತ್ತರ, ದೂರ ಮನಸ್ಸಿಗೆ ಬರುವವರೆಗೆ ಪ್ಲೈಯನ್ನೇ ತಿದ್ದಿ. ಆಮೇಲೆ ಅದೇ ಅಚ್ಚನ್ನು ಫ್ಯಾಬ್ರಿಕೇಶನ್ ಶಾಪಿಗೆ ಕೊಟ್ಟು ಲೇಸರ್ ಅಥವಾ ವಾಟರ್ ಜೆಟ್‌ನಲ್ಲಿ ಒಂದೇ ತರಹದ ಎರಡು ಪ್ಲೇಟ್ ಕತ್ತರಿಸಿಸಿ. ಒಳಮೂಲೆಗಳನ್ನು ಗುಂಡಗೆ ಮಾಡಲು ಹೇಳಿ, ಚೂಪು ಒಳಮೂಲೆಯಲ್ಲೇ ಬಿರುಕು ಹುಟ್ಟುತ್ತದೆ. ಚಾಸಿಯ ತಗಡಿನ ಹಿಂದೆ, ಡಿಕ್ಕಿಯ ಒಳಗಡೆಯಿಂದ, 3 ಮಿಲಿಮೀಟರ್ ಉಕ್ಕಿನ ಬ್ಯಾಕಿಂಗ್ ಪ್ಲೇಟ್ ಕೊಟ್ಟು ಪ್ರತಿ ಕಾಲಿಗೆ ಕನಿಷ್ಠ ಮೂರು ಎಂ8 ಬೋಲ್ಟು ಹಾಕಿ. ಕೊರೆದ ಜಾಗಕ್ಕೆಲ್ಲ ಪ್ರೈಮರ್ ಹಚ್ಚದೆ ಮುಂದೆ ಹೋಗಬೇಡಿ.

ಎರಡು ಕಾಲುಗಳ ನಡುವೆ ಅಡ್ಡ ಅಲುಗಾಟ ತಡೆಯಲು ಓರೆಯಾದ ಒಂದು ರಾಡು ಬೇಕೇ ಬೇಕು. ಪ್ಲೇಟ್ ಹಿಂದುಮುಂದಾಗಿ ಗಟ್ಟಿ, ಪಕ್ಕಕ್ಕೆ ಮೆತ್ತಗೆ. ಕಾರು ಜಾರಿದಾಗ ಎಂಡ್ ಪ್ಲೇಟುಗಳ, ಅಂದರೆ ವಿಂಗಿನ ಎರಡು ತುದಿಯಲ್ಲಿ ನಿಲ್ಲುವ ತಟ್ಟೆಗಳ, ಮೇಲೆ ಪಕ್ಕದಿಂದಲೂ ಗಾಳಿ ಒತ್ತುತ್ತದೆ.

ವಿಂಗ್‌ ನೇರವಾಗಿದೆಯೇ ನೋಡಲು ನೆಲದ ನಡುಗೆರೆಗೆ ಮರಳಿ. ವಿಂಗಿನ ಎರಡೂ ತುದಿಯಿಂದ ತೂಗುಗುಂಡು ಇಳಿಬಿಟ್ಟು ಗೆರೆಗೆ ಇರುವ ದೂರ ಸಮ ಇದೆಯೇ ಅಳೆಯಿರಿ. ನಡುಗೆರೆಯ ಮುಂತುದಿಯಿಂದ ಎರಡು ತುದಿಗೂ ಓರೆ ಅಳತೆ ಹಿಡಿದು ಹೋಲಿಸಿ. 3 ಮಿಲಿಮೀಟರ್ ಒಳಗಿನ ವ್ಯತ್ಯಾಸ ಪರವಾಗಿಲ್ಲ.

ಕೋನ

ಕೋನ ಅಳೆಯಬೇಕಾದದ್ದು ವಿಂಗಿನ ಮುಂದಂಚಿನ ತುದಿಯಿಂದ ಹಿಂದಂಚಿನ ತುದಿಗೆ ಎಳೆದ ನೇರ ರೇಖೆಗೆ. ಬಾಗಿದ ಮೇಲ್ಮೈ ಮೇಲೆ ಫೋನ್ ಇಟ್ಟು ಅಳೆದರೆ ತಪ್ಪು ಸಂಖ್ಯೆ ಬರುತ್ತದೆ. ವಿಂಗಿನ ಪಕ್ಕದ ಆಕಾರಕ್ಕೆ ಹೊಂದುವ, ಮೇಲಂಚು ಆ ರೇಖೆಗೆ ಸಮಾನಾಂತರವಾದ ಒಂದು ಪ್ಲೈ ತುಂಡು ಮಾಡಿ ಇಟ್ಟುಕೊಂಡರೆ ಪ್ರತಿ ಸಲವೂ ಒಂದೇ ರೀತಿ ಅಳೆಯಬಹುದು.

ಛಾವಣಿಯಿಂದ ಇಳಿಯುವ ಗಾಳಿ ವಿಂಗಿನ ಮಧ್ಯಭಾಗಕ್ಕೆ ಕೋನವನ್ನು ತಾನೇ ಹೆಚ್ಚಿಸಿ ಕೊಡುತ್ತದೆ. ನೀವು 4 ಡಿಗ್ರಿ ಇಟ್ಟರೂ ಮಧ್ಯದಲ್ಲಿ ಅದು ಇನ್ನೂ ಹಲವು ಡಿಗ್ರಿ ಹೆಚ್ಚೇ ಇರುತ್ತದೆ. ಕೋನ ಮಿತಿ ಮೀರಿದರೆ ಗಾಳಿ ಕೆಳಮೈಯನ್ನು ಬಿಟ್ಟು ವಿಂಗ್‌ ಸ್ಟಾಲ್ ಆಗುತ್ತದೆ. ಡೌನ್‌ಫೋರ್ಸ್ ಕುಸಿದು ಡ್ರ್ಯಾಗ್ ಮಾತ್ರ ಉಳಿಯುತ್ತದೆ. ಆದ್ದರಿಂದ ನೆಲಕ್ಕೆ ಹೋಲಿಸಿ 0ರಿಂದ 2 ಡಿಗ್ರಿಯಲ್ಲಿ, ಹಿಂದಂಚು ಮೇಲಿರುವಂತೆ, ಶುರು ಮಾಡಿ.

ಇನ್ನೂ ಬಲ ಬೇಕೆನಿಸಿದರೆ ಹಿಂದಂಚಿನ ಮೇಲೆ ಲಂಬವಾಗಿ ನಿಲ್ಲುವ ಸಣ್ಣ ಎಲ್-ಪಟ್ಟಿ ಇದೆ. 1971ರಲ್ಲಿ ಡ್ಯಾನ್ ಗರ್ನಿ ಬಳಸಿ ತೋರಿಸಿದ್ದರಿಂದ ಅದಕ್ಕೆ ಗರ್ನಿ ಫ್ಲ್ಯಾಪ್ ಎಂದೇ ಹೆಸರು. 25 ಸೆಂಟಿಮೀಟರ್ ಅಗಲದ ವಿಂಗಿಗೆ 5 ಮಿಲಿಮೀಟರ್ ಎತ್ತರದ ಪಟ್ಟಿ ಸಾಕು.

ಅಕ್ಕಿ ಮೂಟೆಯ ಪರೀಕ್ಷೆ

180ರ ವೇಗದಲ್ಲಿ 57 ಕಿಲೋ ಎಂದು ಲೆಕ್ಕ ಬಂದಿತ್ತಲ್ಲ. ಟ್ರ್ಯಾಕಿನ ಉಬ್ಬುತಗ್ಗಿಗೆ ಅದರ ಮೇಲೆ ಏಟುಗಳೂ ಸೇರುತ್ತವೆ. ವಿಂಗಿನ ಮೇಲೆ ಹೊದಿಕೆ ಹಾಸಿ, 25 ಕಿಲೋದ ನಾಲ್ಕು ಅಕ್ಕಿ ಮೂಟೆಗಳನ್ನು ಒಂದೊಂದಾಗಿ, ಎರಡೂ ಬದಿಗೆ ಸಮನಾಗಿ ಇಡಿ. ಒಟ್ಟು 100 ಕಿಲೋ. ಹತ್ತು ನಿಮಿಷ ಹಾಗೇ ಬಿಡಿ. ಕಾರಿನ ಹಿಂಭಾಗ ಕುಳಿತುಕೊಳ್ಳಬೇಕು, ವಿಂಗ್‌ ಬಾಗಬಾರದು, ಕಾಲುಗಳು ಓರೆಯಾಗಬಾರದು. ಮೂಟೆ ಇಳಿಸಿದ ಮೇಲೆ ಮತ್ತೆ ಅಳೆದರೆ ಮೊದಲಿನ ಸಂಖ್ಯೆಯೇ ಬರಬೇಕು. ಬಾರದಿದ್ದರೆ ಎಲ್ಲೋ ಏನೋ ಶಾಶ್ವತವಾಗಿ ಬಾಗಿದೆ, ಅದನ್ನು ಪತ್ತೆ ಮಾಡದೆ ಟ್ರ್ಯಾಕ್‌ಗೆ ಹೋಗಕೂಡದು. ಆಮೇಲೆ ಸ್ಪ್ರಿಂಗ್ ತಕ್ಕಡಿ ಕಟ್ಟಿ 25 ಕಿಲೋ ಬಲದಿಂದ ಹಿಂದಕ್ಕೂ ಪಕ್ಕಕ್ಕೂ ಎಳೆದು ನೋಡಿ. ಎಲ್ಲ ಸರಿ ಇದ್ದರೆ ಪ್ರತಿ ನಟ್ಟಿನಿಂದ ಪ್ಲೇಟಿನವರೆಗೆ ಪೇಂಟ್ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆಯಿರಿ. ನಟ್ಟು ಒಂದಿಷ್ಟು ತಿರುಗಿದರೂ ಗೆರೆ ಮುರಿದು ಕಾಣುತ್ತದೆ.

ಟ್ರ್ಯಾಕಿನಲ್ಲಿ

ಮೊದಲ ಸೆಷನ್ ಏನೂ ಇಲ್ಲದೆ ಓಡಿಸಿ, ಲ್ಯಾಪ್ ಸಮಯಕ್ಕಿಂತ ಹೆಚ್ಚಾಗಿ ಮುಖ್ಯ ಸ್ಟ್ರೈಟಿನ ಕೊನೆಯ ವೇಗ ಮತ್ತು ಮದ್ರಾಸ್ ಟ್ರ್ಯಾಕಿನ ಮೊದಲ ತಿರುವಾದ ಸಿ-1ರಂತಹ ವೇಗದ ತಿರುವಿನಲ್ಲಿ ಕಾರು ಹೇಗೆ ನಡೆದುಕೊಂಡಿತು ಎಂಬುದನ್ನು ಬರೆದಿಡಿ. ಆಮೇಲೆ ಎರಡನ್ನೂ ಹಾಕಿ ಎರಡು ಲ್ಯಾಪ್ ಮೆಲ್ಲಗೆ ಓಡಿಸಿ ಪಿಟ್‌ಗೆ ಬಂದು ಗೆರೆಗಳನ್ನೆಲ್ಲ ನೋಡಿ. ಮತ್ತೆ ಹೋಗಿ ವೇಗವನ್ನು ಹಂತಹಂತವಾಗಿ ಏರಿಸಿ.

ನಿಧಾನದ ತಿರುವಿನಲ್ಲಿ ಕಾರು ಮುಂದೆ ಜಾರಿದರೆ ಅದು ಟೈರು, ಅಲೈನ್‌ಮೆಂಟ್, ಆಂಟಿ ರೋಲ್ ಬಾರ್‌ನ ವಿಷಯ. ವಿಂಗಿಗೆ ಕೈ ಹಾಕಬೇಡಿ. ನಿಧಾನದ ತಿರುವಿನಲ್ಲಿ ಸರಿ ಇದ್ದು ವೇಗದ ತಿರುವಿನಲ್ಲಿ ಮಾತ್ರ ಮುಂದೆ ಜಾರಿದರೆ ವಿಂಗಿನ ಕೋನ 1-2 ಡಿಗ್ರಿ ಇಳಿಸಿ. ವೇಗದಲ್ಲಿ ಮಾತ್ರ ಹಿಂಭಾಗ ಸಡಿಲವೆನಿಸಿದರೆ 2 ಡಿಗ್ರಿ ಏರಿಸಿ. ಏರಿಸಿದರೂ ಹಿಂಭಾಗ ಬಿಗಿಯಾಗದೆ ಸ್ಟ್ರೈಟಿನ ವೇಗ ಮಾತ್ರ ಕಡಿಮೆಯಾದರೆ ವಿಂಗ್‌ ಸ್ಟಾಲ್ ಆಗಿದೆ, ಹಿಂದಕ್ಕೆ ಬನ್ನಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಕೋನ ಬದಲಿಸಿದ ಸೆಷನ್‌ನಲ್ಲೇ ಟೈರ್ ಗಾಳಿಯನ್ನೂ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ಯಾರಿಗೂ ತಿಳಿಯದು.

ವೇಗದಲ್ಲಿ ಹಲಗೆ ನೆಲಕ್ಕೆ ಉಜ್ಜುವ ಸದ್ದು ಪದೇ ಪದೇ ಬಂದರೆ ಮೊದಲು ಸ್ಪ್ಲಿಟರ್ ಅನ್ನು 10 ಮಿಲಿಮೀಟರ್ ಎತ್ತಿ, ಆಮೇಲೆ ಮುಂದಿನ ಸ್ಪ್ರಿಂಗ್ ಗಟ್ಟಿ ಮಾಡುವ ಯೋಚನೆ ಮಾಡಿ. ಟ್ರ್ಯಾಕಿನಿಂದ ಜಲ್ಲಿಗೆ ಇಳಿದು ಬಂದಿದ್ದರೆ ನೋಡಲು ಸರಿ ಇದ್ದರೂ ಪಿಟ್‌ಗೆ ತನ್ನಿ. ಸಪೋರ್ಟ್ ರಾಡು ಒಂದು ಬಾಗಿದ್ದರೂ, ಪ್ಲೈಯ ಪದರ ಬಿಟ್ಟುಕೊಂಡಿದ್ದರೂ ಸ್ಪೇರ್ ಹಲಗೆ ಹಾಕಿ. ಸ್ಪೇರ್ ಇಲ್ಲದೆ ಸ್ಪ್ಲಿಟರ್ ಕಳಚಿ ಓಡಿಸುವುದಾದರೆ ವಿಂಗಿನ ಕೋನವನ್ನೂ ಶೂನ್ಯಕ್ಕೆ ಇಳಿಸಿ, ಮುಂಭಾಗ ಹಗುರಾಗಿದೆ ಎಂಬುದನ್ನು ನೆನಪಿಟ್ಟು ಬ್ರೇಕನ್ನು ಮೊದಲಿಗಿಂತ ಬೇಗ ಹಿಡಿಯಿರಿ.